ಕಲಂಚೋ ಮತ್ತೆ ಹೂ ಬಿಡಬೇಕಾದರೆ ಅದಕ್ಕೆ ರಾತ್ರಿ ಕೊಡಿ

(ಬೆಂಗಳೂರಿನಲ್ಲಿ ತಾರಸಿ ತೋಟ ಮಾಡುವ ಗೆಳೆಯರ ಮುಂದೆ ಆಡಿದ ಮಾತುಗಳ ಬರಹ ರೂಪ. ನಡುವೆ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಜನವರಿಯಲ್ಲಿ ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನ ನೋಡಿಕೊಂಡು, ಬರುವಾಗ ಕೈಯಲ್ಲಿ ಒಂದು ಕಲಂಚೋ ಕುಂಡ ಹಿಡಿದುಕೊಂಡು ಬಂದವರು ಇಲ್ಲಿ ಎಷ್ಟು ಜನ? ಕೈ ಎತ್ತಿ. ಅರ್ಧಕ್ಕಿಂತ ಜಾಸ್ತಿ ಇದ್ದೀರಿ. ಸರಿ, ಅದೇ ಗಿಡ ಮರುವರ್ಷವೂ ಹೂ ಬಿಟ್ಟಿದ್ದು ಯಾರ ಮನೆಯಲ್ಲಿ? ಈಗ ಎದ್ದಿರುವ ಕೈ ತುಂಬಾ ಕಡಿಮೆ. ಇವತ್ತಿನ ಮಾತೆಲ್ಲ ಈ ಎರಡು ಲೆಕ್ಕಗಳ ನಡುವಿನ ವ್ಯತ್ಯಾಸದ ಬಗ್ಗೆಯೇ.

ಮೊದಲು ಒಂದು ವಿಷಯ ಇತ್ಯರ್ಥ ಮಾಡಿಕೊಳ್ಳೋಣ. ಕಲಂಚೋ ಒಂದು ಸಲ ಹೂ ಬಿಟ್ಟು ಸಾಯುವ ಗಿಡ ಅಲ್ಲ. ನರ್ಸರಿಯಲ್ಲಿ ಅದನ್ನು ಪೆಟೂನಿಯಾ, ಡೇಲಿಯಾ ಪಕ್ಕದಲ್ಲಿ ಸಾಲಾಗಿ ಇಟ್ಟು 'ಸೀಸನಲ್ ಮೇಡಂ' ಅಂತ ಮಾರುತ್ತಾರೆ. ನಾವೂ ನಂಬಿ, ಹೂ ಒಣಗಿದ ಮೇಲೆ ಕುಂಡವನ್ನು ಮೆಟ್ಟಿಲ ಕೆಳಗೆ ತಳ್ಳುತ್ತೇವೆ. ಅದು ವರ್ಷಗಟ್ಟಲೆ ಬದುಕುವ ಗಿಡ. ಸರಿಯಾಗಿ ನೋಡಿಕೊಂಡರೆ ಪ್ರತಿ ವರ್ಷವೂ ಹೂ ಬಿಡುತ್ತದೆ, ಒಂದು ಸಲ ಬಿಟ್ಟರೆ ಆರೇಳು ವಾರ ನಿಲ್ಲುತ್ತದೆ. ದಪ್ಪ ಎಲೆಯ, ನೀರು ಕೂಡಿಟ್ಟುಕೊಳ್ಳುವ ಗಿಡಗಳಲ್ಲಿ ಮನೆಯೊಳಗೆ ಇಷ್ಟು ಹೂ ಕೊಡುವ ಗಿಡಗಳು ಕಡಿಮೆ.

ಜನ ನನ್ನ ಹತ್ತಿರ ಹೇಳುವುದು ಎರಡೇ ಮಾತು. ಒಂದು, 'ಕೊಳೆತು ಹೋಯಿತು'. ಇನ್ನೊಂದು, 'ಗಿಡ ಚೆನ್ನಾಗಿಯೇ ಇದೆ, ಎಲೆ ಹಸಿರಾಗಿ ದಪ್ಪ ದಪ್ಪ ಇವೆ, ಹೂ ಮಾತ್ರ ಇಲ್ಲ'. ಕೊಳೆಯುವುದು ನೀರಿನಿಂದ, ಅದಕ್ಕೆ ಆಮೇಲೆ ಬರುತ್ತೇನೆ. ಹೂ ಇಲ್ಲ ಅಂದರೆ ಎಲ್ಲರೂ ಗೊಬ್ಬರದ ಕಡೆ ಓಡುತ್ತಾರೆ. ಯಾರೋ ಬಾಳೆಹಣ್ಣಿನ ಸಿಪ್ಪೆ ನೆನೆಸಿದ ನೀರು ಹಾಕು ಅನ್ನುತ್ತಾರೆ, ಇನ್ನೊಬ್ಬರು ಈರುಳ್ಳಿ ಸಿಪ್ಪೆ ಅನ್ನುತ್ತಾರೆ. ಎಷ್ಟು ಹಾಕಿದರೂ ಹೂ ಬರುವುದಿಲ್ಲ, ಯಾಕೆಂದರೆ ಆ ಗಿಡಕ್ಕೆ ಕೊರತೆ ಆಗಿರುವುದು ಕತ್ತಲೆ.

ಹೌದು, ಕತ್ತಲೆ. ಗಿಡಕ್ಕೆ ಬೆಳಕು ಬೇಕು ಅಂತ ಚಿಕ್ಕಂದಿನಿಂದ ಕೇಳಿದ್ದೇವೆ. ರಾತ್ರಿಯೂ ಬೇಕು, ಅದೂ ಇಂತಿಷ್ಟು ಉದ್ದದ್ದು, ನಡುವೆ ಮುರಿಯದ ರಾತ್ರಿ ಬೇಕು ಅಂತ ನಮಗೆ ಯಾರೂ ಹೇಳಿಕೊಟ್ಟಿಲ್ಲ.

ಇದು ಗೊತ್ತಾಗಿದ್ದು ಒಂದು ತಂಬಾಕಿನ ಗಿಡದಿಂದ. ಅಮೆರಿಕದ ಕೃಷಿ ಇಲಾಖೆಯಲ್ಲಿ ಗಾರ್ನರ್ ಮತ್ತು ಅಲಾರ್ಡ್ ಅಂತ ಇಬ್ಬರು ವಿಜ್ಞಾನಿಗಳು ಇದ್ದರು. ಅವರ ಹೊಲದಲ್ಲಿ ಮೇರಿಲ್ಯಾಂಡ್ ಮ್ಯಾಮತ್ ಅನ್ನುವ ಒಂದು ತಂಬಾಕು ತಳಿ ಬೇಸಿಗೆಯಲ್ಲಿ ಆಳೆತ್ತರ ಮೀರಿ ಬೆಳೆಯುತ್ತಿತ್ತು, ಆದರೆ ಹೂ ಬಿಡುತ್ತಿರಲಿಲ್ಲ. ಅದೇ ಗಿಡ ಚಳಿಗಾಲದಲ್ಲಿ ಗಾಜಿನ ಮನೆಯೊಳಗೆ ಇಟ್ಟರೆ ಸಣ್ಣದಿರುವಾಗಲೇ ಹೂ ಬಿಡುತ್ತಿತ್ತು. ಚಳಿಯಾ, ಗೊಬ್ಬರವಾ, ಬೆಳಕಿನ ಜೋರಾ, ಎಲ್ಲ ಒಂದೊಂದಾಗಿ ನೋಡಿದರು. ಕೊನೆಗೆ ಬೇಸಿಗೆಯಲ್ಲೇ ಕುಂಡಗಳನ್ನು ಸಂಜೆ ಒಂದು ಕತ್ತಲೆ ಗೂಡಿನೊಳಗೆ ತಳ್ಳಿ, ಬೆಳಿಗ್ಗೆ ತಡವಾಗಿ ಹೊರಗೆ ಎಳೆದರು. ಹೂ ಬಂತು! 1920ರಲ್ಲಿ ಅದನ್ನು ಪ್ರಕಟಿಸಿದರು. ಹಗಲು ಚಿಕ್ಕದಾದಾಗ ಹೂ ಬಿಡುವ ಗಿಡಗಳು ಅಂತ ಒಂದು ಗುಂಪೇ ಇದೆ ಅಂತ ಆಗ ತಿಳಿಯಿತು. 1938ರಲ್ಲಿ ಹ್ಯಾಮ್ನರ್ ಮತ್ತು ಬಾನರ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಬಟ್ಟೆಗೆ ಅಂಟಿಕೊಳ್ಳುವ ಮುಳ್ಳುಕಾಯಿಯ ಒಂದು ಕಳೆ ಗಿಡ ತೆಗೆದುಕೊಂಡು, ಹಗಲಿನ ನಡುವೆ ಸ್ವಲ್ಪ ಹೊತ್ತು ಕತ್ತಲೆ ಮಾಡಿ ನೋಡಿದರು, ಏನೂ ಆಗಲಿಲ್ಲ. ರಾತ್ರಿಯ ನಡುವೆ ಸ್ವಲ್ಪ ಹೊತ್ತು ದೀಪ ಹಾಕಿದರು, ಹೂ ನಿಂತೇ ಹೋಯಿತು. ಅಂದರೆ ಗಿಡ ಅಳೆಯುವುದು ಹಗಲನ್ನಲ್ಲ, ರಾತ್ರಿಯನ್ನು. ಅಳೆಯುವ ಕೆಲಸ ಮಾಡುವುದು ಎಲೆ. ಎಲೆಯಲ್ಲಿ ತಯಾರಾದ ಸಂದೇಶ ಕುಡಿಗೆ ಹೋಗುತ್ತದೆ, ಅಲ್ಲಿಯವರೆಗೆ ಎಲೆ ಮಾಡುತ್ತಿದ್ದ ಕುಡಿ ಆಮೇಲೆ ಮೊಗ್ಗು ಮಾಡಲು ಶುರು ಮಾಡುತ್ತದೆ.

ಇದು ಎಲ್ಲೋ ದೂರದ ಪ್ರಯೋಗಶಾಲೆಯ ಮಾತು ಅನ್ನಿಸಿದರೆ ಚಿಕ್ಕಬಳ್ಳಾಪುರದ ಕಡೆ ರಾತ್ರಿ ಹೊತ್ತು ಹೋಗಿ ಬನ್ನಿ. ಸೇವಂತಿಗೆ ತೋಟದ ಮೇಲೆ ಸಾಲು ಸಾಲು ಬಲ್ಬು ಉರಿಯುತ್ತಿರುತ್ತವೆ. ಯಾವುದೋ ಜಾತ್ರೆ ಇರಬೇಕು ಅಂದುಕೊಳ್ಳುವವರೂ ಇದ್ದಾರೆ. ಸೇವಂತಿಗೆಯೂ ರಾತ್ರಿ ಉದ್ದವಾದಾಗ ಹೂ ಬಿಡುವ ಗಿಡ. ಗಿಡ ಇನ್ನೂ ಗಿಡ್ಡ ಇರುವಾಗಲೇ ಮೊಗ್ಗು ಬಂದರೆ ರೈತನಿಗೆ ನಷ್ಟ. ಹಾಗಾಗಿ ದೀಪ ಹಾಕಿ ಹೂವನ್ನು ತಡೆದು, ಗಿಡ ಎತ್ತರ ಬಂದ ಮೇಲೆ ದೀಪ ಆರಿಸುತ್ತಾರೆ. ಹಬ್ಬದ ಲೆಕ್ಕ ನೋಡಿಕೊಂಡು ಆರಿಸುತ್ತಾರೆ. ರೈತರು ಬೇಕು ಅಂತಲೇ ಮಾಡುವ ಈ ಕೆಲಸವನ್ನು ನಾವು ಬಾಲ್ಕನಿಯಲ್ಲಿ ಗೊತ್ತಿಲ್ಲದೆ ಮಾಡುತ್ತಿದ್ದೇವೆ, ವರ್ಷಪೂರ್ತಿ ಮಾಡುತ್ತಿದ್ದೇವೆ. ದೀಪ ಆರಿಸುವುದೇ ಇಲ್ಲ.

ಈಗ ಕಲಂಚೋದ ಊರಿಗೆ ಬರೋಣ. ನಾವು ಸಾಕುವ ಕಲಂಚೋ ಬ್ಲಾಸ್‌ಫೆಲ್ಡಿಯಾನ ಮಡಗಾಸ್ಕರಿನದು, ಆ ದ್ವೀಪದ ಉತ್ತರಕ್ಕಿರುವ ತ್ಸಾರಾತನಾನ ಬೆಟ್ಟಗಳದ್ದು. 1932ರಲ್ಲಿ ಜರ್ಮನಿಯ ಪಾಟ್ಸ್‌ಡ್ಯಾಮಿನ ಬೀಜ ವ್ಯಾಪಾರಿ ರಾಬರ್ಟ್ ಬ್ಲಾಸ್‌ಫೆಲ್ಡ್ ಅದನ್ನು ಯುರೋಪಿನ ಮಾರುಕಟ್ಟೆಗೆ ತಂದರು, ಹೆಸರು ಅವರದೇ. ನನಗೆ ಬಹಳ ಇಷ್ಟವಾದ ಸಂಗತಿ ಬೇರೆ. ಆ ಬೆಟ್ಟಗಳು ಭೂಮಧ್ಯರೇಖೆಯ ದಕ್ಷಿಣಕ್ಕೆ ಸುಮಾರು 14 ಡಿಗ್ರಿಯಲ್ಲಿವೆ. ಬೆಂಗಳೂರು ಉತ್ತರಕ್ಕೆ ಸುಮಾರು 13 ಡಿಗ್ರಿಯಲ್ಲಿದೆ. ಅಂದರೆ ಹಗಲು ರಾತ್ರಿಯ ಏರಿಳಿತ ಅದರ ತವರಿನಲ್ಲಿ ಎಷ್ಟೋ ಇಲ್ಲಿಯೂ ಹೆಚ್ಚುಕಡಿಮೆ ಅಷ್ಟೇ. ತವರೂ ಬೆಟ್ಟದ ಸೀಮೆ, ನಮ್ಮೂರೂ 900 ಮೀಟರಿಗಿಂತ ಎತ್ತರದಲ್ಲಿದೆ, ಚಳಿಗಾಲದ ರಾತ್ರಿ ತಂಪು. ಈ ಗಿಡಕ್ಕೆ ಇದಕ್ಕಿಂತ ಒಳ್ಳೆ ಊರು ಸಿಗುವುದು ಕಷ್ಟ.

ಬೆಂಗಳೂರಿನಲ್ಲಿ ಜೂನ್ ತಿಂಗಳ ಅತಿ ಉದ್ದದ ಹಗಲು ಸುಮಾರು 12 ಗಂಟೆ 50 ನಿಮಿಷ. ಡಿಸೆಂಬರಿನ ಅತಿ ಚಿಕ್ಕ ಹಗಲು ಸುಮಾರು 11 ಗಂಟೆ 20 ನಿಮಿಷ. ವ್ಯತ್ಯಾಸ ಬರೀ ಒಂದೂವರೆ ಗಂಟೆ. ಲಂಡನ್ನಿನಲ್ಲಾದರೆ ಜೂನ್ ಹಗಲು 16 ಗಂಟೆ ಮೀರುತ್ತದೆ, ಡಿಸೆಂಬರ್ ಹಗಲು 8 ಗಂಟೆಯೂ ಇರುವುದಿಲ್ಲ. ನಮಗೆ ಗೊತ್ತೂ ಆಗದ ಈ ಒಂದೂವರೆ ಗಂಟೆಯನ್ನು ಕಲಂಚೋ ಕರಾರುವಾಕ್ಕಾಗಿ ಅಳೆಯುತ್ತದೆ. ಸೆಪ್ಟೆಂಬರ್ ಕೊನೆಗೆ ಹಗಲು ರಾತ್ರಿ ಸಮ ಆಗುತ್ತವೆ, ಅಲ್ಲಿಂದ ರಾತ್ರಿ ಬೆಳೆಯುತ್ತಾ ಹೋಗುತ್ತದೆ. ಹನ್ನೆರಡು ಗಂಟೆ ದಾಟಿದ ರಾತ್ರಿಗಳು ಸತತವಾಗಿ ಐದಾರು ವಾರ ಸಿಕ್ಕರೆ ಗಿಡ ಮೊಗ್ಗಿಗೆ ಮನಸ್ಸು ಮಾಡುತ್ತದೆ. ನವೆಂಬರ್ ಕೊನೆ ಡಿಸೆಂಬರಿಗೆ ಮೊಗ್ಗು, ಜನವರಿಯಿಂದ ಹೂ. ಸಹಜವಾಗಿ ಆಗುವುದೇ ಹೀಗೆ.

ಹಾಗಾದರೆ ರಟ್ಟಿನ ಡಬ್ಬ ಮುಚ್ಚಬೇಕಾ ಅಂತ ಯಾರೋ ಕೇಳಿದರು. ವಿಡಿಯೋಗಳಲ್ಲಿ ನೋಡಿರುತ್ತೀರಿ, ಸಂಜೆ ಐದಕ್ಕೆ ಡಬ್ಬ ಮುಚ್ಚಿ ಬೆಳಿಗ್ಗೆ ಏಳಕ್ಕೆ ತೆಗೆಯಿರಿ, 14 ಗಂಟೆ ಕತ್ತಲೆ ಕೊಡಿ ಅನ್ನುತ್ತಾರೆ. ಅದು ಬೇಸಿಗೆಯಲ್ಲಿ ಹೂ ಬೇಕು ಅನ್ನುವವರಿಗೆ ಅಥವಾ ದೀಪದಿಂದ ತಪ್ಪಿಸಲು ಜಾಗವೇ ಇಲ್ಲದವರಿಗೆ. ಹಗಲು ಬಹಳ ಉದ್ದವಿರುವ ದೇಶದಲ್ಲಿ ಇರುವ ನಮ್ಮವರಿಗೂ ಬೇಕಾಗುತ್ತದೆ. ಇಲ್ಲಿ ಅಕ್ಟೋಬರಿನಿಂದ ಕುಂಡವನ್ನು ರಾತ್ರಿ ದೀಪ ಬೀಳದ ಕಡೆ ಇಟ್ಟರೆ ಸಾಕು, ಉಳಿದದ್ದನ್ನು ಸೂರ್ಯನೇ ಮಾಡುತ್ತಾನೆ. ಡಬ್ಬ ಮುಚ್ಚುವವರು ಮಾತ್ರ ಒಂದು ದಿನವೂ ತಪ್ಪಿಸಬಾರದು. ಮದುವೆಗೆ ಅಂತ ನಾಲ್ಕು ದಿನ ಊರಿಗೆ ಹೋಗಿ ಬಂದರೆ ಆವರೆಗಿನ ಲೆಕ್ಕ ಕೆಡುತ್ತದೆ.

ದೀಪ ಬೀಳದ ಕಡೆ ಅನ್ನುವುದು ಹೇಳಲು ಸುಲಭ. ನಮ್ಮ ಮನೆಗಳಲ್ಲಿ ಅಂಥ ಜಾಗ ಹುಡುಕುವುದೇ ಕೆಲಸ. ಬಾಲ್ಕನಿಯ ಎದುರಿಗೆ ಬೀದಿ ದೀಪ ಇರುತ್ತದೆ. ಪಕ್ಕದ ಕಟ್ಟಡದ ಸೆಕ್ಯುರಿಟಿ ದೀಪ ಬೆಳಗಿನವರೆಗೂ ಉರಿಯುತ್ತದೆ. ಹಾಲಿನ ಕಿಟಕಿಯಲ್ಲಿ ಇಟ್ಟಿದ್ದರೆ ಹನ್ನೊಂದು ಗಂಟೆಯವರೆಗೆ ಟ್ಯೂಬ್‌ಲೈಟು, ಟಿವಿ. ಹೀಗೆ ಮಾಡಿ. ರಾತ್ರಿ ಊಟ ಆದ ಮೇಲೆ ಒಂದು ಸಲ ಗಿಡದ ಹತ್ತಿರ ಹೋಗಿ ನಿಂತುಕೊಳ್ಳಿ, ಕೈಯಲ್ಲಿ ಪೇಪರ್ ಹಿಡಿದುಕೊಳ್ಳಿ. ಅಕ್ಷರ ಓದಲು ಬಂದರೆ ಆ ಜಾಗ ಗಿಡಕ್ಕೆ ಆಗುವುದಿಲ್ಲ. ಎಲೆಯ ಮೇಲೆ ನೇರ ಬೀಳುವ ದೀಪವೇ ತೊಂದರೆ. ಬೆಳದಿಂಗಳಿಗೆ ಹೆದರಬೇಡಿ, ಅದು ಬಹಳ ಮಂದ. ತಾರಸಿಯಲ್ಲಿ ನೀರಿನ ಟ್ಯಾಂಕಿನ ಹಿಂದೆ, ಗೋಡೆಯ ಮರೆಯಲ್ಲಿ, ಬೀದಿಗೆ ಬೆನ್ನು ಮಾಡಿದ ಸಜ್ಜೆಯ ಮೇಲೆ ಒಳ್ಳೆ ಕತ್ತಲೆ ಸಿಗುತ್ತದೆ. ಯಾರೂ ಮಲಗದ ಒಂದು ಕೋಣೆಯ ಕಿಟಕಿ ಇದ್ದರೆ ಅದೂ ಆಗುತ್ತದೆ, ಆದರೆ ಹಗಲು ಅಲ್ಲಿ ಚೆನ್ನಾಗಿ ಬಿಸಿಲು ಬರಬೇಕು. ಹಗಲಿನಲ್ಲಿ ಬೆಳಕಿಲ್ಲದ ಕಡೆ ಇಟ್ಟು ರಾತ್ರಿ ಎಷ್ಟು ಕತ್ತಲೆ ಕೊಟ್ಟರೂ ಹೂ ಬರುವುದಿಲ್ಲ, ಗಿಡ ಸುಮ್ನೆ ಸೊರಗುತ್ತದೆ.

ಮೊಗ್ಗು ಬರುತ್ತಿದೆಯೋ ಇಲ್ಲವೋ ಅಂತ ಹೇಗೆ ತಿಳಿಯುವುದು? ನವೆಂಬರಿನಲ್ಲಿ ಕುಡಿಯನ್ನು ಹತ್ತಿರದಿಂದ ನೋಡಿ. ಇಲ್ಲಿ ಮೇಜಿನ ಮೇಲೆ ಎರಡು ಗಿಡ ಇಟ್ಟಿದ್ದೇನೆ, ಆಮೇಲೆ ಬಂದು ನೋಡಬಹುದು. ಹೂ ಬಿಡುವ ಯೋಚನೆ ಇಲ್ಲದ ಕುಡಿಯಲ್ಲಿ ಹೊಸ ಎಲೆಗಳು ಜೋಡಿ ಜೋಡಿಯಾಗಿ, ಅಗಲವಾಗಿ, ಒತ್ತೊತ್ತಾಗಿ ಇರುತ್ತವೆ. ಮೊಗ್ಗಿಗೆ ತಿರುಗಿದ ಕುಡಿಯಲ್ಲಿ ಕೊನೆಯ ಎಲೆಗಳು ಚಿಕ್ಕವು, ಕಿರಿದು. ಎಲೆ ಜೋಡಿಗಳ ನಡುವಿನ ಕಾಂಡ ಇದ್ದಕ್ಕಿದ್ದಂತೆ ಉದ್ದವಾಗುತ್ತದೆ. ಆ ಎರಡು ಚಿಕ್ಕ ಎಲೆಗಳನ್ನು ಬೆರಳಿನಿಂದ ಮೆಲ್ಲಗೆ ಬಿಡಿಸಿದರೆ ಒಳಗೆ ಹಸಿರು ರಾಗಿ ಕಾಳು ಗುಂಪಾಗಿ ಕೂತ ಹಾಗೆ ಕಾಣುತ್ತದೆ. ಒಂದೊಂದು ಕಾಳೂ ನಾಲ್ಕು ಎಸಳಿನ ಒಂದೊಂದು ಹೂವಾಗುತ್ತದೆ. ಒಮ್ಮೆ ಇದನ್ನು ಕಂಡ ಮೇಲೆ ದೀಪದ ಚಿಂತೆ ಇಲ್ಲ, ಕುಂಡವನ್ನು ಹಾಲಿಗೆ ತಂದು ಇಟ್ಟುಕೊಳ್ಳಿ.

ರಾತ್ರಿಯ ಮಾತು ಬಂದಿದ್ದಕ್ಕೆ ಇನ್ನೊಂದು ವಿಷಯ ಹೇಳದೆ ಇರಲಾರೆ. ಇದೇ ಕುಟುಂಬದ ಕಾಡುಬಸಳೆ ನಿಮಗೆಲ್ಲ ಗೊತ್ತಲ್ವಾ, ಎಲೆಯ ಅಂಚಿನಲ್ಲಿ ಮರಿ ಹುಟ್ಟುತ್ತದಲ್ಲ, ಮಕ್ಕಳು ಪುಸ್ತಕದೊಳಗೆ ಇಟ್ಟು ಬೇರು ಬರುತ್ತದಾ ಅಂತ ನೋಡುತ್ತಾರಲ್ಲ, ಅದೇ. ಟಿಪ್ಪು ಕಾಲವಾದ ಮೇಲೆ, 1800ರ ಆಸುಪಾಸಿನಲ್ಲಿ ಲಾಲ್‌ಬಾಗನ್ನು ನೋಡಿಕೊಂಡವರಲ್ಲಿ ಬೆಂಜಮಿನ್ ಹೈನೆ ಅನ್ನುವ ಸಸ್ಯಶಾಸ್ತ್ರಜ್ಞರೂ ಒಬ್ಬರು. ಕಾಡುಬಸಳೆಯ ಎಲೆ ಬೆಳಿಗ್ಗೆ ಅಗಿದರೆ ಹುಳಿ, ಮಧ್ಯಾಹ್ನಕ್ಕೆ ಸಪ್ಪೆ, ಸಂಜೆಗೆ ಸ್ವಲ್ಪ ಕಹಿ ಅಂತ ಅವರು ಒಂದು ಪತ್ರದಲ್ಲಿ ಬರೆದರು. ಅದು ಲಂಡನ್ನಿನ ಲಿನಿಯನ್ ಸೊಸೈಟಿ ಅನ್ನುವ ಜೀವಶಾಸ್ತ್ರ ಸಂಘದ ಸಂಪುಟದಲ್ಲಿ ಅಚ್ಚಾಯಿತು. ಆ ಹುಳಿಗೆ ಕಾರಣ ಏನು ಅಂತ ಪೂರ್ತಿ ತಿಳಿಯಲು ಮುಂದೆ ನೂರಕ್ಕೂ ಜಾಸ್ತಿ ವರ್ಷ ಬೇಕಾಯಿತು. ಈ ಗಿಡಗಳು ಹಗಲು ತಮ್ಮ ಎಲೆಯ ರಂಧ್ರಗಳನ್ನು ಮುಚ್ಚಿಕೊಂಡಿರುತ್ತವೆ, ಇಲ್ಲದಿದ್ದರೆ ನೀರೆಲ್ಲ ಆವಿಯಾಗಿ ಹೋಗುತ್ತದೆ. ತಂಪಾದ ರಾತ್ರಿಯಲ್ಲಿ ತೆರೆದು, ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಎಳೆದುಕೊಂಡು, ಹುಳಿಯಾಗಿ ಕೂಡಿಡುತ್ತವೆ. ಹಗಲು ಬಿಸಿಲು ಬಂದಾಗ ಆ ಹುಳಿಯನ್ನು ಖರ್ಚು ಮಾಡಿ ಸಕ್ಕರೆ ಮಾಡಿಕೊಳ್ಳುತ್ತವೆ. ಕಲಂಚೋ ಮಾಡುವುದೂ ಇದನ್ನೇ. ರಾತ್ರಿ ಅಂದರೆ ಇವಕ್ಕೆ ವಿಶ್ರಾಂತಿ ಅಲ್ಲ, ದುಡಿಮೆ. ಅದಕ್ಕೇ ರಾತ್ರಿ ತಂಪಿರಬೇಕು ಅನ್ನುವುದು. ಮಂಗಳೂರು, ಉಡುಪಿ ಕಡೆಯವರಿಗೆ ಕಲಂಚೋ ಸ್ವಲ್ಪ ತಡವಾಗಿ ಹೂ ಬಿಡುವುದಕ್ಕೆ ಅಲ್ಲಿನ ಬೆಚ್ಚಗಿನ ರಾತ್ರಿಯೂ ಒಂದು ಕಾರಣ. ಅಲ್ಲಿ ಕುಂಡವನ್ನು ಮನೆಯೊಳಗೆ ಇಡಬೇಡಿ, ಗಾಳಿಯಾಡುವ ಹೊರಗಿನ ಜಾಗದಲ್ಲಿ ಇಡಿ. (ಎಲೆ ಅಗಿದು ನೋಡಲು ಹೋಗಬೇಡಿ, ಯಾಕೆ ಅಂತ ಕೊನೆಯಲ್ಲಿ ಹೇಳುತ್ತೇನೆ.)

ಇನ್ನು ಹೂ ಮುಗಿದ ಮೇಲಿನ ಕೆಲಸ. ಮಾರ್ಚಿಗೆ ಹೂಗೊಂಚಲು ಕಂದುಬಣ್ಣಕ್ಕೆ ತಿರುಗುತ್ತದೆ. ಬರೀ ಒಣಗಿದ ಹೂ ಚಿವುಟಿದರೆ ಸಾಲದು. ಹೂದಂಟಿನ ಜೊತೆ ಕೊಂಬೆಯನ್ನೂ ಕೆಳಗಿನ ಎರಡು ಮೂರು ಜೋಡಿ ಎಲೆ ಉಳಿಯುವ ಹಾಗೆ ಕತ್ತರಿಸಿ. ಧೈರ್ಯವಾಗಿ ಕತ್ತರಿಸಿ. ಹೂ ಬರುವುದು ಕುಡಿಯ ತುದಿಯಲ್ಲಿ, ಕತ್ತರಿಸಿದ ಒಂದು ಕೊಂಬೆಗೆ ಎರಡು ಕುಡಿ ಬಂದರೆ ಮುಂದಿನ ವರ್ಷ ಗೊಂಚಲೂ ಎರಡು. ಕತ್ತರಿಸದೆ ಬಿಟ್ಟ ಗಿಡ ಉದ್ದಕ್ಕೆ ಬೆಳೆದು, ಬುಡ ಬೋಳಾಗಿ, ಒಂದು ಕಡೆ ವಾಲಿಕೊಳ್ಳುತ್ತದೆ. ಕತ್ತರಿಸಿದ ಕಡ್ಡಿಗಳನ್ನು ಎಸೆಯಬೇಡಿ. ನೆರಳಿನಲ್ಲಿ ಎರಡು ಮೂರು ದಿನ ಹಾಗೇ ಬಿಡಿ, ಗಾಯ ಒಣಗಲಿ, ಆಮೇಲೆ ಮರಳು ಮಿಶ್ರಣದಲ್ಲಿ ನೆಡಿ. ಎರಡು ಮೂರು ವಾರಕ್ಕೆ ಬೇರು ಹಿಡಿಯುತ್ತದೆ. ಹಸಿ ಕಡ್ಡಿಯನ್ನೇ ಹಸಿ ಮಣ್ಣಿಗೆ ಚುಚ್ಚಿದರೆ ಬುಡ ಕರ್ರಗಾಗಿ ಕೊಳೆಯುವ ಸಾಧ್ಯತೆ ಜಾಸ್ತಿ.

ಕುಂಡವನ್ನೂ ಆಗಲೇ ಬದಲಿಸಿ. ಸಿದ್ದಾಪುರದ ನರ್ಸರಿಯಿಂದಲೇ ತನ್ನಿ, ಬೇರೆ ಎಲ್ಲಿಂದಲೇ ತನ್ನಿ, ಗಿಡ ಸಾಮಾನ್ಯವಾಗಿ ಬರೀ ಕೊಕೊಪೀಟಿನಲ್ಲಿ, ಅಂದರೆ ತೆಂಗಿನ ನಾರಿನ ಪುಡಿಯಲ್ಲಿ ಇರುತ್ತದೆ. ಸಾಗಿಸುವವರಿಗೆ ಅದು ಹಗುರ. ನಮ್ಮ ಮನೆಯಲ್ಲಿ ಮಾತ್ರ ಅದೇ ಕಂಟಕ. ಮೇಲೆ ಒಣಗಿದಂತೆ ಕಾಣುತ್ತದೆ, ಒಳಗೆ ಬೇರಿನ ಸುತ್ತ ಒದ್ದೆ ಹಾಗೇ ಇರುತ್ತದೆ. ಹೂ ಇರುವಾಗ ಮುಟ್ಟಬೇಡಿ, ಹೂ ಮುಗಿದ ಮೇಲೆ ಆದಷ್ಟೂ ಉದುರಿಸಿ ತೆಗೆಯಿರಿ. ನಾನು ಹಾಕುವುದು ಒಂದು ಪಾಲು ಕೆಂಪು ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಎರೆಗೊಬ್ಬರ, ಎರಡು ಪಾಲು ದಪ್ಪ ಮರಳು ಅಥವಾ ಜರಡಿ ಹಿಡಿದ ಸಣ್ಣ ಜಲ್ಲಿ. ಇಟ್ಟಿಗೆ ಚೂರೂ ಆಗುತ್ತದೆ. ನೀರು ಹಾಕಿದರೆ ಕ್ಷಣದಲ್ಲಿ ಕೆಳಗಿನಿಂದ ಇಳಿದು ಹೋಗಬೇಕು, ಅಷ್ಟೇ ನಿಯಮ. ಮಣ್ಣಿನ ಕುಂಡ ಒಳ್ಳೆಯದು, ಪ್ಲಾಸ್ಟಿಕ್ ಆದರೆ ತಳದಲ್ಲಿ ತೂತು ಜಾಸ್ತಿ ಇರಲಿ. ತೂತಿಲ್ಲದ ಚಂದದ ಪಿಂಗಾಣಿ ಕುಂಡದಲ್ಲಿ ಮಾತ್ರ ದಯವಿಟ್ಟು ನೆಡಬೇಡಿ.

ನೀರು. ವಾರಕ್ಕೆ ಎಷ್ಟು ಸಲ ಅಂತ ಕೇಳಬೇಡಿ, ನಾನು ಹೇಳುವುದಿಲ್ಲ. ಬೆರಳನ್ನು ಮಣ್ಣೊಳಗೆ ಒಂದು ಗೆಣ್ಣು ಇಳಿಸಿ ನೋಡಿ, ಒಣಗಿದ್ದರೆ ತಳದಿಂದ ನೀರು ಹರಿಯುವವರೆಗೆ ಹಾಕಿ, ಇಲ್ಲದಿದ್ದರೆ ಇಲ್ಲ. ದಿನಾ ಪೂಜೆಯ ತಂಬಿಗೆಯಲ್ಲಿ ಉಳಿದ ನೀರನ್ನು ಸ್ವಲ್ಪ ಸ್ವಲ್ಪ ಹಾಕುವ ಅಭ್ಯಾಸ ತುಳಸಿಗೆ ಸರಿ, ಇದಕ್ಕೆ ಬೇಡ. ಎಲೆ ಮೆತ್ತಗಾದರೆ ಬಾಯಾರಿದೆ ಅಂತ ಎಲ್ಲರೂ ನೀರು ಸುರಿಯುತ್ತಾರೆ. ಮೆತ್ತಗಾಗುವುದರಲ್ಲಿ ಎರಡು ಬಗೆ ಇದೆ. ಬಾಯಾರಿದ ಎಲೆ ತೆಳ್ಳಗಾಗಿ ಸುಕ್ಕಾಗುತ್ತದೆ, ಬಣ್ಣ ಹಾಗೇ ಇರುತ್ತದೆ, ಮಡಚಿದರೆ ಬಾಗುತ್ತದೆ. ಕೊಳೆತ ಬೇರಿನ ಎಲೆ ಹಳದಿಯಾಗಿ, ನೀರು ತುಂಬಿದಂತೆ ಪಾರದರ್ಶಕವಾಗಿ, ಮುಟ್ಟಿದರೆ ಕಳಚಿ ಬೀಳುತ್ತದೆ. ಎರಡನೆಯದಕ್ಕೆ ನೀರು ಹಾಕಿದರೆ ಗಿಡ ಮುಗಿಯಿತು. ಆಗ ಮೇಲಿನ ಗಟ್ಟಿ ಕಾಂಡವನ್ನು ಕತ್ತರಿಸಿ, ಒಣಗಿಸಿ, ಹೊಸದಾಗಿ ನೆಡುವುದೊಂದೇ ದಾರಿ.

ಏಪ್ರಿಲ್ ಮೇ ಬಿಸಿಲಿಗೆ ಶೇಡ್‌ನೆಟ್ ಕೆಳಗೆ ಇಡಿ. ಕಲಬುರಗಿ, ರಾಯಚೂರು ಕಡೆಯಾದರೆ ಬೆಳಗಿನ ಬಿಸಿಲು ಮಾತ್ರ ಸಾಕು. ಜೂನಿನಿಂದ ಮಳೆ ನೇರ ಬೀಳದ ಹಾಗೆ ನೋಡಿಕೊಳ್ಳಿ, ಮಲೆನಾಡಿನವರು ಇದನ್ನು ಬಹಳ ಗಟ್ಟಿಯಾಗಿ ಪಾಲಿಸಬೇಕು. ಗೊಬ್ಬರ ಜಾಸ್ತಿ ಬೇಕಿಲ್ಲ. ಗಿಡ ಬೆಳೆಯುವ ಜುಲೈ ಆಗಸ್ಟಿನಲ್ಲಿ ತಿಂಗಳಿಗೊಮ್ಮೆ 19:19:19 ಪುಡಿಯನ್ನು (ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ಸಮನಾಗಿರುವ ಗೊಬ್ಬರ) ಲೀಟರಿಗೆ ಒಂದು ಗ್ರಾಮಿನಂತೆ ಕರಗಿಸಿ ಹಾಕಿದರೆ ಆಯಿತು. ಸೆಪ್ಟೆಂಬರ್ ನಂತರ ಸಾರಜನಕ ಜಾಸ್ತಿ ಇರುವ ಯಾವುದನ್ನೂ ಹಾಕಬೇಡಿ, ಸೊಂಪಾದ ಎಲೆ ಬರುತ್ತದೆಯೇ ಹೊರತು ಹೂ ಬರುವುದಿಲ್ಲ. ಎಲೆಯ ಸಂದಿಯಲ್ಲಿ ಬಿಳಿ ಹತ್ತಿಯಂತೆ ಕಂಡರೆ ಅದು ಹಿಟ್ಟು ತಿಗಣೆ. ಹತ್ತಿಯನ್ನು ಸರ್ಜಿಕಲ್ ಸ್ಪಿರಿಟ್ಟಿನಲ್ಲಿ ಅದ್ದಿ ಒರೆಸಿ. ಬೇವಿನ ಎಣ್ಣೆ ಸಿಂಪಡಿಸುವುದಾದರೆ ಸಂಜೆ ಹೊತ್ತು, ಒಂದು ಎಲೆಯ ಮೇಲೆ ಮೊದಲು ನೋಡಿಕೊಂಡು.

ಕಲಂಚೋ ಬಗ್ಗೆ ಹೇಳಿದ್ದನ್ನೇ ಎಲ್ಲ ಗಿಡಕ್ಕೂ ಅನ್ವಯಿಸಬೇಡಿ. ಕ್ರಿಸ್‌ಮಸ್ ಕ್ಯಾಕ್ಟಸ್‌ಗೆ ಕತ್ತಲೆಯ ಮಾತು ಪೂರ್ತಿ ಸರಿ, ಅದಕ್ಕೂ ಉದ್ದ ರಾತ್ರಿ ಮತ್ತು ತಂಪು ಬೇಕು. ಆದರೆ ಅದು ಬ್ರೆಜಿಲಿನ ರಿಯೋ ಸುತ್ತಮುತ್ತಲಿನ ಕರಾವಳಿ ಬೆಟ್ಟಗಳ ಕಾಡಿನದು, ಮರದ ಕೊಂಬೆ, ಪಾಚಿ ಹಿಡಿದ ಬಂಡೆಯ ಮೇಲೆ ಬೆಳೆಯುವಂಥದ್ದು. ಕ್ಯಾಕ್ಟಸ್ ಅನ್ನುವ ಹೆಸರು ನೋಡಿ ಸುಡು ಬಿಸಿಲಿಗೆ ಇಡಬೇಡಿ, ತೀರಾ ಒಣಗಿಸಲೂಬೇಡಿ. ಮಡಿಕೇರಿ, ಚಿಕ್ಕಮಗಳೂರಿನವರಿಗೆ ಇದು ಕಲಂಚೋಗಿಂತ ಚೆನ್ನಾಗಿ ಒಗ್ಗುತ್ತದೆ. ಮೊಗ್ಗು ಬಂದ ಮೇಲೆ ಕುಂಡವನ್ನು ಅಲ್ಲಿಂದ ಇಲ್ಲಿಗೆ ಸರಿಸುತ್ತಿದ್ದರೆ ಮೊಗ್ಗೆಲ್ಲ ಉದುರುತ್ತದೆ, ಹೂ ಅರಳುವವರೆಗೆ ಇದ್ದಲ್ಲೇ ಬಿಡಿ.

ಬ್ರಹ್ಮಕಮಲ ಅಂತ ನಾವು ಕರೆಯುವ ಗಿಡವೂ ಕ್ಯಾಕ್ಟಸ್ ಕುಟುಂಬದ್ದೇ. ಮೂಲ ಮೆಕ್ಸಿಕೋ, ಗ್ವಾಟೆಮಾಲ ಕಡೆಯ ಕಾಡು. ಎಲೆ ಅಂತ ನಾವು ಅಂದುಕೊಳ್ಳುವುದು ಚಪ್ಪಟೆ ಕಾಂಡ, ಅದಕ್ಕೇ ಅದರ ಅಂಚಿನಿಂದ ಹೂ ಬರುತ್ತದೆ. ಇದು ನಮ್ಮಲ್ಲಿ ಮಳೆಗಾಲದ ಹೂ. ಚಳಿಗಾಲದಲ್ಲಿ ನೀರು ಕಡಿಮೆ ಮಾಡಿ, ಹಳೆಯ ಉದ್ದ ಕಾಂಡಗಳನ್ನು ಅಂದಕ್ಕೆ ಅಂತ ಕತ್ತರಿಸದೆ, ಬೇರು ತುಂಬಿದ ಕುಂಡದಲ್ಲೇ ಬಿಟ್ಟರೆ ಮುಂಗಾರಿಗೆ ಮೊಗ್ಗು ಕಾಣುತ್ತದೆ. ಅಂಚಿನ ಕಚ್ಚಿನಲ್ಲಿ ಕೆಂಪು ಚುಕ್ಕೆ ಬಂದಾಗ ಗಮನಿಸಿ, ಚಪ್ಪಟೆಯಾಗಿ ಬೆಳೆದರೆ ಹೊಸ ಕಾಂಡ, ದುಂಡಗೆ ಬೆಳೆದರೆ ಮೊಗ್ಗು. ಮೊದಲು ಕೆಳಗೆ ಜೋತಾಡುವ ಮೊಗ್ಗು ಅರಳುವ ಮುನ್ನ ಕತ್ತನ್ನು ಮೇಲಕ್ಕೆ ಬಾಗಿಸಿಕೊಳ್ಳುತ್ತದೆ. ಆ ದಿನ ಮಧ್ಯಾಹ್ನ ತುದಿ ಸಡಿಲವಾಗಿ ಉಬ್ಬಿದ್ದರೆ ಅಕ್ಕಪಕ್ಕದವರಿಗೆ ಹೇಳಿ ಕಳಿಸಿ, ರಾತ್ರಿ ಅರಳುತ್ತದೆ, ಬೆಳಗಾಗುವಷ್ಟರಲ್ಲಿ ಬಾಡುತ್ತದೆ.

ಬುಡ ದಪ್ಪಗೆ ಊದಿದ ಅಡೇನಿಯಂ, ಮುಳ್ಳಿನ ಯುಫೋರ್ಬಿಯಾ ಇಟ್ಟವರು ರಾತ್ರಿಯ ಲೆಕ್ಕ ಮರೆತುಬಿಡಿ. ಅವೆರಡಕ್ಕೂ ಬಿಸಿಲು, ದಿನಕ್ಕೆ ಐದಾರು ಗಂಟೆ ನೇರ ಬಿಸಿಲು. ಮನೆಯೊಳಗೆ ಇಟ್ಟು ಹೂ ಬರಲಿಲ್ಲ ಅಂದರೆ ಗಿಡದ ತಪ್ಪಿಲ್ಲ. ಅಡೇನಿಯಂ ಚಳಿಗಾಲದಲ್ಲಿ ಎಲೆ ಉದುರಿಸಿ ನಿದ್ದೆ ಮಾಡುತ್ತದೆ, ಸತ್ತಿದೆ ಅಂತ ನೀರು ಸುರಿದು ಕೊಲ್ಲಬೇಡಿ. ಫೆಬ್ರವರಿ ಮಾರ್ಚಿನಲ್ಲಿ ಕೊಂಬೆ ಸವರಿ, ಹೊಸ ಚಿಗುರಿನ ತುದಿಯಲ್ಲಿ ಹೂ ಬರುತ್ತದೆ. ಎರಡರ ಹಾಲೂ ಕಣ್ಣಿಗೆ ತಾಗಬಾರದು. ಅಡೇನಿಯಂ ಹಾಲನ್ನು ಆಫ್ರಿಕಾದಲ್ಲಿ ಬಾಣದ ತುದಿಗೆ ವಿಷವಾಗಿ ಹಚ್ಚುತ್ತಿದ್ದರು.

ಮೇಣದಂಥ ಹೂಗೊಂಚಲು ಬಿಡುವ ಬಳ್ಳಿ ಹೋಯಾ ಬಗ್ಗೆ ಒಂದೇ ಮಾತು. ಕಲಂಚೋದಲ್ಲಿ ಹೂದಂಟು ಕತ್ತರಿಸಿ ಅಂದೆನಲ್ಲ, ಹೋಯಾದಲ್ಲಿ ಕತ್ತರಿಸಲೇಬೇಡಿ. ಹೂ ಉದುರಿದ ಮೇಲೆ ಉಳಿಯುವ ಆ ಚಿಕ್ಕ ಮೋಟು ದಂಟಿನಿಂದಲೇ ಮುಂದಿನ ಸಲವೂ ಹೂ ಬರುತ್ತದೆ, ಪ್ರತಿ ಸಲವೂ ಅದು ಸ್ವಲ್ಪ ಉದ್ದವಾಗುತ್ತದೆ. ಎಷ್ಟೋ ಮನೆಯಲ್ಲಿ ಚೊಕ್ಕ ಮಾಡುವ ಉತ್ಸಾಹದಲ್ಲಿ ಅದನ್ನು ತೆಗೆದು ಹೂವನ್ನೇ ಕಳೆದುಕೊಳ್ಳುತ್ತಾರೆ. ನಮ್ಮ ಪಶ್ಚಿಮ ಘಟ್ಟದಲ್ಲೇ ಕಾಡು ಹೋಯಾಗಳಿವೆ, ಚಾರಣಕ್ಕೆ ಹೋದಾಗ ಮರದ ಮೇಲೆ ಕಣ್ಣಾಡಿಸಿ. ನೋಡಿ, ಕಿತ್ತು ತರಬೇಡಿ.

ಕೊನೆಗೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಬರೆಯಲೇಬೇಕು.

ಒಬ್ಬರು ಕೇಳಿದರು, 'ಮನೆಯಲ್ಲಿ ಬೆಕ್ಕಿದೆ, ಕಲಂಚೋ ಇಡಬಹುದಾ?' ಬೆಕ್ಕಿಗೆ ಎಟುಕದ ಕಡೆ ಮಾತ್ರ. ಕಲಂಚೋ ಜಾತಿಯ ಗಿಡಗಳಲ್ಲಿ, ಅದರಲ್ಲೂ ಹೂವಿನಲ್ಲಿ, ಹೃದಯದ ಬಡಿತವನ್ನು ಕೆಡಿಸುವ ವಿಷವಿದೆ. ಬೆಕ್ಕು, ನಾಯಿ, ದನ ಎಲ್ಲಕ್ಕೂ ಅಪಾಯ. ಎಲೆ ಅಗಿಯಬೇಡಿ ಅಂದಿದ್ದು ಇದಕ್ಕೇ. ಮಾರ್ಚಿನಲ್ಲಿ ಕತ್ತರಿಸಿದ ಹೂದಂಟುಗಳನ್ನು ಬೀದಿಯ ಮೂಲೆಗೆ ಎಸೆಯಬೇಡಿ, ನಮ್ಮ ರಸ್ತೆಗಳಲ್ಲಿ ಹಸುಗಳು ಸಿಕ್ಕಿದ್ದನ್ನು ತಿನ್ನುತ್ತವೆ. ಗೊಬ್ಬರದ ಡ್ರಮ್ಮಿಗೆ ಹಾಕಿ ಮುಚ್ಚಿ.

ಇನ್ನೊಬ್ಬ ಅಜ್ಜಿ ಕೇಳಿದ್ದು, 'ಈ ಸಲ ತರುವಾಗ ಯಾವುದನ್ನು ಆರಿಸಲಿ?' ಪೂರ್ತಿ ಅರಳಿದ್ದನ್ನು ತರಬೇಡಿ ಅಮ್ಮ, ಮುಕ್ಕಾಲು ಪಾಲು ಮೊಗ್ಗಿದ್ದು ಅಲ್ಲಲ್ಲಿ ಬಣ್ಣ ಕಾಣುತ್ತಿರುವುದನ್ನು ತನ್ನಿ. ಕುಂಡ ಎತ್ತಿ ನೋಡಿ, ನೀರು ಕುಡಿದು ಭಾರವಾಗಿದ್ದರೆ ಪಕ್ಕದ್ದನ್ನು ನೋಡಿ. ಕೆಳಗಿನ ಎಲೆಗಳನ್ನು ಎತ್ತಿ ಬುಡ ಗಟ್ಟಿ ಇದೆಯಾ ಅಂತ ಬೆರಳಿನಿಂದ ಒತ್ತಿ. ಎಸಳು ಒತ್ತೊತ್ತಾಗಿರುವ ಕ್ಯಾಲಂಡಿವಾ ಅನ್ನುವ ಕಲಂಚೋ ತಳಿ ತಂದರೂ ಆರೈಕೆ ಇದೇ. ಅಲ್ಲಿಯೇ ನಿಂತು ಇನ್ನೊಂದು ಕೇಳಿಕೊಂಡರು, 'ದೇವರ ಮನೆಯಲ್ಲಿ ಇಡಬಹುದಾ?' ಹೂ ಇರುವಷ್ಟು ದಿನ ಇಡಿ. ಅಕ್ಟೋಬರ್ ಬಂದ ಕೂಡಲೇ ಹೊರಗೆ ತೆಗೆದು ಇಡಿ, ಅಲ್ಲಿ ರಾತ್ರಿಯೆಲ್ಲ ದೀಪ ಉರಿಯುತ್ತಿರುತ್ತದೆ.